ಗಾಳಿಗೆ ಒತ್ತಿ ಹಡಗು ನಡೆಸುವುದು: ಒಂದು ನಾವಿಕ ನುಡಿಗಟ್ಟಿನ ಅರ್ಥ ಮತ್ತು ಮೂಲ

ಇಂಗ್ಲಿಷ್ ಭಾಷೆಯಲ್ಲಿ ‘ಸೇಲಿಂಗ್ ಕ್ಲೋಸ್ ಟು ದ ವಿಂಡ್’ ಎಂಬ ನುಡಿಗಟ್ಟೊಂದಿದೆ. ಪದಶಃ ಹೇಳುವುದಾದರೆ ‘ಗಾಳಿಗೆ ಒತ್ತಿ ಹಡಗು ನಡೆಸುವುದು’ ಎಂದಾಗುತ್ತದೆ. ಕಾನೂನನ್ನು ಮುರಿಯದೆ, ಆದರೆ ಮುರಿಯಲು ಗೇಣುದ್ದವಷ್ಟೇ ಉಳಿದಿರುವಂತೆ ವ್ಯವಹರಿಸುವ ವ್ಯಾಪಾರಿ, ಸಭ್ಯತೆಯ ಗೆರೆಯ ಮೇಲೆ ಕಾಲಿಟ್ಟು ಜನರನ್ನು ನಗಿಸುವ ನಟ, ಲೆಕ್ಕಪತ್ರವನ್ನು ಶಿಕ್ಷೆಗೆ ಸಿಗದಷ್ಟು ಮಾತ್ರ ಬಾಗಿಸುವ ಗುಮಾಸ್ತ ಇವರೆಲ್ಲರ ಕುರಿತು ಈ ಮಾತನ್ನು ಬಳಸಲಾಗುತ್ತದೆ. ನಿಘಂಟುಗಳು ಇದಕ್ಕೆ ‘ಅಪಾಯಕ್ಕೆ ಮೈಯೊಡ್ಡುವುದು’ ಎಂಬ ಸಾಮಾನ್ಯಾರ್ಥವನ್ನೂ, ‘ನಿಯಮದ ಅಂಚಿನಲ್ಲಿ ನಡೆಯುವುದು’ ಎಂಬ ವಿಶೇಷಾರ್ಥವನ್ನೂ ಕೊಡುತ್ತವೆ. ಎರಡರಲ್ಲಿಯೂ ಒಂದು ಬಗೆಯ ನಿಂದೆಯ ಧ್ವನಿಯಿದೆ.

ಅಮೆರಿಕದ ಜಾನಪದ ವಿದ್ವಾಂಸ ಆರ್ಚರ್ ಟೇಲರ್ 1931ರಲ್ಲಿ ಪ್ರಕಟವಾದ ‘ದ ಪ್ರಾವರ್ಬ್’ ಎಂಬ ಗ್ರಂಥದಲ್ಲಿ ಗಾದೆ ಮತ್ತು ನುಡಿಗಟ್ಟುಗಳ ನಡುವಣ ವ್ಯತ್ಯಾಸವನ್ನು ಸ್ಪಷ್ಟಪಡಿಸಿದ್ದಾರೆ. ಗಾದೆಯದು ಸ್ಥಿರವಾದ ವಾಕ್ಯರೂಪ. ನುಡಿಗಟ್ಟು ಕಾಲ, ಪುರುಷ, ವಚನಗಳಿಗನುಗುಣವಾಗಿ ಬಾಗುತ್ತದೆ. ಬಾಗುವುದರಿಂದಲೇ ಅದು ಒಂದು ಕಸುಬಿನವರ ಬಾಯಿಂದ ಇನ್ನೊಂದು ಕಸುಬಿನವರ ಬಾಯಿಗೆ ಸುಲಭವಾಗಿ ದಾಟುತ್ತದೆ. ಹಾಗೆ ದಾಟುವಾಗ ಪದಗಳು ಉಳಿದರೂ ಅವುಗಳ ಹಿಂದಿದ್ದ ಕೆಲಸ ಹಿಂದೆಯೇ ಉಳಿಯುವುದುಂಟು. ಪ್ರಸ್ತುತ ನುಡಿಗಟ್ಟಿನ ವಿಷಯದಲ್ಲಿ ಆದದ್ದು ಇದೇ. ದಡದ ಜನರ ಬಾಯಲ್ಲಿ ಬೈಗುಳವಾಗಿರುವ ಈ ಮಾತು ಹಡಗಿನ ಮೇಲೆ ಒಂದು ಕುಶಲ ಕರ್ಮದ ಹೆಸರಾಗಿತ್ತು. ಎಷ್ಟೋ ಸಂದರ್ಭಗಳಲ್ಲಿ ಜೀವ ಉಳಿಸುವ ಏಕೈಕ ಉಪಾಯವೂ ಆಗಿತ್ತು. ಈ ಅರ್ಥವ್ಯತ್ಯಾಸವನ್ನು ತಿಳಿಯಬೇಕಾದರೆ ಮೊದಲು ಹಾಯಿಯ ಕೆಲಸವನ್ನು ತಿಳಿಯಬೇಕು.

ಹಾಯಿಹಡಗು ಗಾಳಿ ಬೀಸುವ ದಿಕ್ಕಿಗೇ ಸಾಗಬಲ್ಲದು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಅದು ಅರ್ಧಸತ್ಯ. ಗಾಳಿ ಹಿಂದಿನಿಂದ ಬೀಸಿದಾಗ ಹಾಯಿ ಚೀಲದಂತೆ ಉಬ್ಬಿ ಹಡಗನ್ನು ತಳ್ಳುತ್ತದೆ, ನಿಜ. ಆದರೆ ಗಾಳಿ ಪಕ್ಕದಿಂದ ಅಥವಾ ಮುಂದಿನ ಓರೆಯಿಂದ ಬೀಸಿದಾಗ ಹಾಯಿಯನ್ನು ಕೋನವರಿತು ಎಳೆದು ಕಟ್ಟಿದರೆ ಅದು ಹಕ್ಕಿಯ ರೆಕ್ಕೆಯಂತೆ ವರ್ತಿಸುತ್ತದೆ. ಗಾಳಿಯ ಒತ್ತಡ ಹಡಗನ್ನು ಪಕ್ಕಕ್ಕೆ ನೂಕಲು ನೋಡುತ್ತದೆ. ನೀರಿನೊಳಗಿರುವ ಉದ್ದನೆಯ ಅಡಿಮರ ಪಕ್ಕಕ್ಕೆ ಜರುಗಲು ಬಿಡುವುದಿಲ್ಲ. ಒದ್ದೆ ಹುಣಸೆಬೀಜವನ್ನು ಎರಡು ಬೆರಳುಗಳ ನಡುವೆ ಒತ್ತಿದರೆ ಅದು ಮುಂದಕ್ಕೆ ಚಿಮ್ಮುವಂತೆ, ಈ ಎರಡು ಒತ್ತಡಗಳ ನಡುವೆ ಸಿಕ್ಕ ಹಡಗು ಮುಂದಕ್ಕೆ ಸಾಗುತ್ತದೆ. ಹೀಗೆ ಗಾಳಿಯ ಮೂಲದ ಕಡೆಗೇ ಓರೆಯಾಗಿ ಏರಿ ಹೋಗಲು ಸಾಧ್ಯ. ಆದರೆ ಗಾಳಿಗೆ ನೇರ ಎದುರಾಗಿ ಯಾವ ಹಾಯಿಯೂ ಸಾಗದು. ಆದುದರಿಂದ ಎದುರುಗಾಳಿಯಲ್ಲಿರುವ ಬಂದರನ್ನು ಸೇರಬೇಕಾದ ಹಡಗು ಮೊದಲು ಒಂದು ಮಗ್ಗುಲಿಗೆ, ಅನಂತರ ಇನ್ನೊಂದು ಮಗ್ಗುಲಿಗೆ ತಿರುಗುತ್ತ ಅಂಕುಡೊಂಕಾಗಿ ಏರಬೇಕಾಗುತ್ತದೆ.

ಎಷ್ಟು ಓರೆ ಎಂಬುದರಲ್ಲಿಯೇ ನುಡಿಗಟ್ಟಿನ ಜೀವವಿದೆ. ನಾವಿಕರ ದಿಕ್ಸೂಚಿಯ ವೃತ್ತವನ್ನು 32 ಪಾಲು ಮಾಡಲಾಗುತ್ತಿತ್ತು. ಒಂದೊಂದು ಪಾಲು 11¼ ಅಂಶ. ಅಡ್ಡಮರಕ್ಕೆ ಚೌಕ ಹಾಯಿ ಕಟ್ಟಿದ ದೊಡ್ಡ ಹಡಗು ಗಾಳಿಯ ದಿಕ್ಕಿನಿಂದ ಸುಮಾರು ಆರು ಪಾಲಿನಷ್ಟು, ಅಂದರೆ 67½ ಅಂಶದಷ್ಟು ಹತ್ತಿರ ಹೋಗಬಲ್ಲದಾಗಿತ್ತು. ಹಡಗಿನ ಉದ್ದಕ್ಕೆ ಹಾಯಿ ಕಟ್ಟಿದ ಸಣ್ಣ ನೌಕೆಗಳು ನಾಲ್ಕು ಪಾಲಿನಷ್ಟು, ಅಂದರೆ 45 ಅಂಶದಷ್ಟು ಹತ್ತಿರ ಹೋಗುತ್ತಿದ್ದವು. ಅಂತರ ಅಲ್ಪವೆಂದು ತೋರಬಹುದು. ಲೆಕ್ಕ ಹಾಕಿದರೆ ಅದರ ಬೆಲೆ ತಿಳಿಯುತ್ತದೆ. ಗಾಳಿಗೆ ಎದುರಾಗಿ ಹತ್ತು ಮೈಲಿ ಏರಬೇಕಾದ ಹಡಗು ಏಳು ಪಾಲಿನ ಓರೆಯಲ್ಲಿ ನಡೆದರೆ ಸುಮಾರು 51 ಮೈಲಿ ಸಾಗಬೇಕು, ಆರು ಪಾಲಿನಲ್ಲಿ 26 ಮೈಲಿ, ಐದರಲ್ಲಿ 18, ನಾಲ್ಕರಲ್ಲಿ 14. ಏಳರಿಂದ ಆರಕ್ಕೆ ಬಂದರೆ ದಾರಿ ಅರ್ಧದಷ್ಟಾಗುತ್ತದೆ. ಚುಕ್ಕಾಣಿ ಹಿಡಿದವನಿಗೆ ಇನ್ನೊಂದಿಷ್ಟು ಗಾಳಿಗೆ ಒತ್ತಿ ನಡೆಸೋಣವೆಂಬ ಆಸೆ ಹುಟ್ಟುವುದು ಈ ಲೆಕ್ಕದಿಂದ.

ಆದರೆ ಒತ್ತಿದಷ್ಟೂ ಹಾಯಿಯ ಬಲ ಕುಗ್ಗುತ್ತದೆ, ವೇಗ ತಗ್ಗುತ್ತದೆ, ವೇಗ ತಗ್ಗಿದಂತೆ ಹಡಗು ಪಕ್ಕಕ್ಕೆ ಜರುಗುವುದು ಹೆಚ್ಚುತ್ತದೆ. ಒಂದು ಹಂತ ಮೀರಿದರೆ ಗಾಳಿಯ ಕಡೆಗಿರುವ ಹಾಯಿಯಂಚು ಪಟಪಟನೆ ನಡುಗತೊಡಗುತ್ತದೆ. ಅದು ಮೊದಲ ಎಚ್ಚರಿಕೆ. ಅದನ್ನೂ ಮೀರಿದರೆ ಗಾಳಿ ಹಾಯಿಯ ಮುಂಬದಿಗೇ ಬಡಿದು ಅದನ್ನು ಹಾಯಿಕಂಬಕ್ಕೆ ಒತ್ತುತ್ತದೆ. ಚೌಕ ಹಾಯಿಯ ಹಡಗುಗಳಲ್ಲಿ ಕಂಬವನ್ನು ಆನಿಸುವ ಹಗ್ಗಗಳು ಬಹುಮಟ್ಟಿಗೆ ಹಿಂದಿನಿಂದ ಬರುವ ಒತ್ತಡವನ್ನು ತಡೆಯುವುದಕ್ಕೆಂದು ಕಟ್ಟಿದವು. ಮುಂದಿನಿಂದ ಬಡಿದ ಬಿರುಗಾಳಿಗೆ ಕಂಬವೇ ಮುರಿದು ಬೀಳಬಹುದಾಗಿತ್ತು. ಗಾಳಿ ಮೆಲ್ಲಗಿದ್ದರೆ ಹಡಗು ನಿಂತಲ್ಲಿಯೇ ನಿಂತು ಚುಕ್ಕಾಣಿಯ ಮಾತು ಕೇಳದಂತಾಗುತ್ತಿತ್ತು. ಆದ್ದರಿಂದ ಚುಕ್ಕಾಣಿಯವನಿಗೆ ಕೊಡುತ್ತಿದ್ದ ಆಜ್ಞೆ ‘ಫುಲ್ ಅಂಡ್ ಬೈ’ ಎಂದಿತ್ತು. ಹಾಯಿ ತುಂಬಿಯೂ ಇರಬೇಕು, ಗಾಳಿಗೆ ಹತ್ತಿರವೂ ಇರಬೇಕು ಎಂಬುದು ಅದರ ತಾತ್ಪರ್ಯ. ಗಾಳಿ ಒಂದೇ ದಿಕ್ಕಿನಲ್ಲಿ ಕುಳಿತಿರುವ ವಸ್ತುವಲ್ಲ. ಅದು ಕ್ಷಣಕ್ಷಣಕ್ಕೂ ಅತ್ತಿತ್ತ ಹೊರಳುತ್ತದೆ. ಈ ಕ್ಷಣ ಸುರಕ್ಷಿತವಾಗಿರುವ ಕೋನ ಮರುಕ್ಷಣ ಅಪಾಯದ ಕೋನವಾಗಬಹುದು. ಗಾಳಿಗೆ ಒತ್ತಿ ನಡೆಸುವುದೆಂದರೆ ಹಾಯಿಯಂಚಿನಿಂದ ಕಣ್ಣು ತೆಗೆಯದೆ, ಕೆನ್ನೆಗೆ ತಾಗುವ ಗಾಳಿಯನ್ನು ಗಮನಿಸುತ್ತ, ಲಾಭ ಮತ್ತು ನಷ್ಟಗಳು ಪರಸ್ಪರ ತಾಗಿಕೊಂಡಿರುವ ಆ ಅಂಚಿನ ಮೇಲೆ ಹಡಗನ್ನು ನಿಲ್ಲಿಸುವುದು. ಅದು ಸಾಹಸಪ್ರಿಯತೆಯಲ್ಲ, ಅಳತೆ.

ಈ ಅಳತೆ ಪ್ರಾಣದ ಪ್ರಶ್ನೆಯಾಗುತ್ತಿದ್ದುದು ಗಾಳಿ ಹಡಗನ್ನು ದಡದ ಕಡೆಗೆ ನೂಕುತ್ತಿದ್ದಾಗ. ತೆರೆದ ಕಡಲಿನಲ್ಲಿ ಬಿರುಗಾಳಿ ಎದ್ದರೆ ಹಾಯಿ ಇಳಿಸಿ ತೇಲಿಕೊಂಡಿರಬಹುದು. ದಡ ಹತ್ತಿರವಿದ್ದು ಗಾಳಿ ಅತ್ತಲೇ ಬೀಸುತ್ತಿದ್ದರೆ ತೇಲುವುದೆಂದರೆ ಬಂಡೆಗೆ ಬಡಿಯುವುದೆಂದೇ ಅರ್ಥ. ಆಗ ಲಂಗರು ಹಿಡಿಯದಿದ್ದರೆ ಉಳಿಯುವ ದಾರಿ ಒಂದೇ, ಸಾಧ್ಯವಾದಷ್ಟು ಗಾಳಿಗೆ ಒತ್ತಿ ಹಡಗನ್ನು ದಡದಿಂದ ಮೇಲಕ್ಕೆ ಏರಿಸಿಕೊಂಡು ಹೋಗುವುದು. 1588ರಲ್ಲಿ ಇಂಗ್ಲೆಂಡಿನ ಮೇಲೆ ಹೊರಟ ಸ್ಪೇನಿನ ನೌಕಾಪಡೆಯಲ್ಲಿ ಸುಮಾರು 130 ಹಡಗುಗಳಿದ್ದವು. ಗ್ರಾವ್‌ಲಿನ್ ಬಳಿಯ ಕದನದ ಮರುದಿನ ವಾಯವ್ಯದ ಗಾಳಿ ಅವುಗಳನ್ನು ಝೀಲೆಂಡಿನ ಮರಳುದಿಬ್ಬಗಳ ಕಡೆಗೆ ನೂಕಿತು. ಗಾಳಿ ಇದ್ದಕ್ಕಿದ್ದಂತೆ ನೈಋತ್ಯಕ್ಕೆ ತಿರುಗಿದ್ದರಿಂದ ಪಡೆ ಉಳಿಯಿತು. ಸ್ಕಾಟ್ಲೆಂಡನ್ನು ಸುತ್ತಿ ಮರಳುವಾಗ ಅಂಥ ಅದೃಷ್ಟ ಒದಗಲಿಲ್ಲ. ಅಟ್ಲಾಂಟಿಕಿನ ಪಡುಗಾಳಿ ಅವುಗಳನ್ನು ಐರ್ಲೆಂಡಿನ ಪಶ್ಚಿಮ ತೀರಕ್ಕೆ ಒತ್ತಿತು. ಕದನದಲ್ಲಿ ಜರ್ಜರಿತವಾಗಿ, ಗಾಳಿಗೆ ಹತ್ತಿರ ನಡೆಯುವ ಶಕ್ತಿಯನ್ನು ಕಳೆದುಕೊಂಡಿದ್ದ ಇಪ್ಪತ್ತಕ್ಕೂ ಹೆಚ್ಚು ಹಡಗುಗಳು ಅಲ್ಲಿ ಒಡೆದವು. ಕದನದಲ್ಲಿ ಮುಳುಗಿದವುಗಳಿಗಿಂತ ಇವು ಎಷ್ಟೋ ಹೆಚ್ಚು. ಗಾಳಿಗೆ ಒತ್ತಿ ನಡೆದು ಅವು ಕೆಡಲಿಲ್ಲ, ಒತ್ತಿ ನಡೆಯಲಾರದೆ ಕೆಟ್ಟವು. ನುಡಿಗಟ್ಟಿನ ಇಂದಿನ ಅರ್ಥವನ್ನು ಮಾತ್ರ ಬಲ್ಲವರಿಗೆ ಈ ಮಾತು ವಿಚಿತ್ರವಾಗಿ ಕೇಳಿಸಬಹುದು.

ಹಡಗಿನ ಭಾಷೆ ದಡಕ್ಕೆ ಇಳಿದ ಬಗೆಯನ್ನು ಕೆಲವು ಗ್ರಂಥಗಳಿಂದ ಊಹಿಸಬಹುದು. ವಿಲಿಯಂ ಫಾಲ್ಕನರ್ ಸಿದ್ಧಪಡಿಸಿದ ನಾವಿಕ ನಿಘಂಟು 1769ರಲ್ಲಿ ಪ್ರಕಟವಾಯಿತು. ಇದಕ್ಕೂ ಮುನ್ನ ಗ್ರೀಸಿನ ಕರಾವಳಿಯಲ್ಲಿ ಹಡಗು ಒಡೆದು ಬದುಕುಳಿದಿದ್ದ ಈತ ಆ ಅನುಭವವನ್ನೇ ವಸ್ತುವಾಗಿಸಿಕೊಂಡು 1762ರಲ್ಲಿ ಕಾವ್ಯವೊಂದನ್ನೂ ಬರೆದಿದ್ದ. ನಿಘಂಟು ಅಚ್ಚಾದ ವರ್ಷವೇ ‘ಅರೋರಾ’ ಎಂಬ ಹಡಗಿನಲ್ಲಿ ಭಾರತದ ಕಡೆಗೆ ಹೊರಟ. ಆ ಹಡಗು ಆಫ್ರಿಕದ ದಕ್ಷಿಣ ತುದಿಯನ್ನು ಬಿಟ್ಟ ಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. ಮುಂದೆ ನೌಕಾಪಡೆಯಲ್ಲಿದ್ದು ಕಾದಂಬರಿಕಾರನಾದ ಫ್ರೆಡರಿಕ್ ಮ್ಯಾರಿಯಟ್ 1830ರ ದಶಕದಲ್ಲಿ ಬರೆದ ಕಡಲ ಕಾದಂಬರಿಗಳು ಹಡಗನ್ನೇ ಕಾಣದ ಓದುಗರಿಗೆ ನಾವಿಕರ ಮಾತನ್ನು ಮುಟ್ಟಿಸಿದವು. 1867ರಲ್ಲಿ ಅಡ್ಮಿರಲ್ ಸ್ಮಿತ್‌ನ ಮರಣಾನಂತರ ಪ್ರಕಟವಾದ ‘ದ ಸೇಲರ್ಸ್ ವರ್ಡ್ ಬುಕ್’ ಹಬೆಹಡಗುಗಳು ಹಾಯಿಯನ್ನು ಮೂಲೆಗೊತ್ತುತ್ತಿದ್ದ ಕಾಲದಲ್ಲಿ ಬಂದ ದೊಡ್ಡ ಪದಸಂಗ್ರಹ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ನುಡಿಗಟ್ಟಿನ ಲಕ್ಷ್ಯಾರ್ಥ ದಡದಲ್ಲಿ ಬೇರೂರಿತು. ವಾಚ್ಯಾರ್ಥದ ನೆಲೆಯಾಗಿದ್ದ ಕಸುಬು ಕರಗುತ್ತಿದ್ದ ಹೊತ್ತೂ ಅದೇ.

ಜತೆಯ ನುಡಿಗಟ್ಟುಗಳ ಗತಿಯನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ‘ಬೈ ಅಂಡ್ ಲಾರ್ಜ್’ ಎಂದರೆ ಇಂದು ‘ಒಟ್ಟಾರೆಯಾಗಿ’. ನಾವಿಕರಿಗೆ ‘ಬೈ’ ಎಂಬುದು ಗಾಳಿಗೆ ಒತ್ತಿ ನಡೆಯುವುದು, ‘ಲಾರ್ಜ್’ ಎಂಬುದು ಗಾಳಿಯನ್ನು ಬೆನ್ನಿನ ಕಡೆಗೆ ಪಡೆದು ನಡೆಯುವುದು. ಎರಡು ಬಗೆಯಲ್ಲಿಯೂ ಚೆನ್ನಾಗಿ ಸಾಗುವ ಹಡಗಿನ ಗುಣವರ್ಣನೆಯಲ್ಲಿದ್ದ ಮಾತು ಕಡಲಿನ ವಾಸನೆಯನ್ನೆಲ್ಲ ಕಳೆದುಕೊಂಡು ಬರಿಯ ಅವ್ಯಯವಾಯಿತು. ‘ಟೇಕನ್ ಅಬ್ಯಾಕ್’ ಎಂದರೆ ಇಂದು ‘ಬೆಚ್ಚಿಬೀಳುವುದು’. ಅದು ಮೇಲೆ ಹೇಳಿದಂತೆ ಹಾಯಿ ಹಿಂದಕ್ಕೆ ಬಡಿದು ಕಂಬಕ್ಕೆ ಒತ್ತಿಕೊಳ್ಳುವ ಅವಘಡದ ಹೆಸರು. ಮೊದಲನೆಯದು ಬಣ್ಣಗೆಟ್ಟಿತು, ಎರಡನೆಯದು ಮೃದುವಾಯಿತು, ನಮ್ಮ ನುಡಿಗಟ್ಟು ಮಾತ್ರ ಹೀನಾರ್ಥವನ್ನು ಪಡೆಯಿತು. ಅದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಗಾಳಿಯ ಅಂಚಿಗೆ ಹೋಗದೆ ನಾವಿಕನಿಗೆ ಗತ್ಯಂತರವಿರಲಿಲ್ಲ. ದಡದ ಮನುಷ್ಯನಿಗೆ ಅಂಥ ಒತ್ತಾಯ ಕಾಣಲಿಲ್ಲ. ಅಗತ್ಯವನ್ನು ಕಿತ್ತುಹಾಕಿದ ಮೇಲೆ ಉಳಿಯುವುದು ಅಂಚು ಮತ್ತು ಆಸೆ. ಅವೆರಡನ್ನೇ ಇಟ್ಟು ನೋಡಿದರೆ ಯಾವ ಕುಶಲತೆಯೂ ಠಕ್ಕಿನಂತೆ ತೋರುತ್ತದೆ.

ಹಾಯಿಯ ಒತ್ತಡವನ್ನು ಮನುಷ್ಯನ ನಡತೆಗೆ ಹೋಲಿಸುವುದು ಇಂಗ್ಲಿಷರ ಸ್ವಂತ ಸೊತ್ತೇನಲ್ಲ. ಸೋಫೊಕ್ಲಿಸನ ‘ಆಂಟಿಗನಿ’ ನಾಟಕದಲ್ಲಿ ಹೀಮನ್ ತನ್ನ ತಂದೆ ಕ್ರಿಯಾನನ ಹಟವನ್ನು ಹಾಯಿಯ ಹಗ್ಗವನ್ನು ಸಡಿಲಿಸದೆ ದೋಣಿಯನ್ನು ಮಗುಚಿಕೊಳ್ಳುವ ನಾವಿಕನಿಗೆ ಹೋಲಿಸುತ್ತಾನೆ. ರೋಮನ್ ಕವಿ ಹೊರೇಸನ ಪದ್ಯವೊಂದು ಸದಾ ಕಡಲಿನ ಆಳಕ್ಕೆ ನುಗ್ಗುವುದನ್ನೂ, ಬಿರುಗಾಳಿಗೆ ಹೆದರಿ ಬಂಡೆಗಳ ದಡಕ್ಕೆ ಅಂಟಿಕೊಳ್ಳುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಇವು ಇಂಗ್ಲಿಷ್ ನುಡಿಗಟ್ಟಿನ ಮೂಲಗಳೆಂದು ಹೇಳಲಾಗದು. ಪ್ರಾಚೀನರು ಹಡಗಿನಲ್ಲಿ ಕಂಡದ್ದು ಮಿತಿಯ ಪಾಠವನ್ನು. ಇಂಗ್ಲಿಷ್ ನುಡಿಗಟ್ಟು ಹಿಡಿದಿರುವುದು ಕೋನವನ್ನು, ಅಂದರೆ ಮಿತಿಗೆ ಎಷ್ಟು ಹತ್ತಿರ ಹೋಗಬಹುದೆಂಬ ಲೆಕ್ಕವನ್ನು.

ಅರಬ್ಬೀ ಸಮುದ್ರದ ನಾವಿಕ ಪರಂಪರೆಯಲ್ಲಿ ಲೆಕ್ಕ ಬೇರೆ. ಇಲ್ಲಿಯ ಗಾಳಿ ವರ್ಷಕ್ಕೆರಡು ಬಾರಿ ದಿಕ್ಕು ಬದಲಿಸುತ್ತದೆ. ಬೇಸಗೆಯ ಕೊನೆಗೆ ನೈಋತ್ಯದಿಂದಲೂ, ಚಳಿಗಾಲದಲ್ಲಿ ಈಶಾನ್ಯದಿಂದಲೂ ಬೀಸುತ್ತದೆ. ಕಾಯುವ ತಾಳ್ಮೆಯಿದ್ದವನಿಗೆ ಹೋಗುವಾಗಲೂ ಬರುವಾಗಲೂ ಗಾಳಿ ಅನುಕೂಲ. ತ್ರಿಕೋನಾಕಾರದ ಓರೆ ಹಾಯಿಯ ಅರಬ್ಬೀ ನೌಕೆಗಳು ಮಗ್ಗುಲು ಬದಲಿಸುವಾಗ ಮೂತಿಯನ್ನು ಗಾಳಿಯ ಅಡ್ಡಕ್ಕೆ ಹಾಯಿಸುವುದಕ್ಕಿಂತ ಗಾಳಿಗೆ ಬೆನ್ನು ಕೊಟ್ಟು ಸುತ್ತಿ ಬರುವುದು ವಾಡಿಕೆ. ಉದ್ದನೆಯ ಹಾಯಿಮರವನ್ನು ಕಂಬದ ಮುಂದಿನಿಂದ ಇನ್ನೊಂದು ಬದಿಗೆ ದಾಟಿಸಬೇಕಾದ ಶ್ರಮ ಇದಕ್ಕೆ ಕಾರಣ. ಹೀಗಾಗಿ ಇಲ್ಲಿ ಕುಶಲತೆಯ ಮುಖ್ಯ ಪರೀಕ್ಷೆ ಕೋನವಾಗಿರದೆ ಋತುವಾಗಿತ್ತು.

ಋತುವನ್ನು ಮೀರಿದರೆ ಏನಾಗುತ್ತದೆಂಬುದಕ್ಕೆ ವಾಸ್ಕೊ ಡ ಗಾಮನ ಯಾತ್ರೆಯೇ ನಿದರ್ಶನ. 1498ರ ಏಪ್ರಿಲ್ 24ರಂದು ಆಫ್ರಿಕದ ಮಲಿಂದಿಯನ್ನು ಬಿಟ್ಟ ಆತನ ಹಡಗುಗಳು ಮೇ 20ರ ಹೊತ್ತಿಗೆ ಕಲ್ಲಿಕೋಟೆಯ ಸಮೀಪಕ್ಕೆ ಬಂದವು. ದಾರಿ ತೋರಿದವನು ಅರಬ್ ನಾವಿಕ ಶಾಸ್ತ್ರಜ್ಞ ಇಬ್ನ್ ಮಾಜಿದ್ ಎಂಬ ಐತಿಹ್ಯ ಬಹಳ ಕಾಲ ಪ್ರಚಾರದಲ್ಲಿತ್ತು. ಇಂದಿನ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ದಾರಿ ತೋರಿದವನು ಯಾರೇ ಆಗಿರಲಿ, ಆತ ಕಾಲವನ್ನು ಬಲ್ಲವನಾಗಿದ್ದ. ಮರಳುವಾಗ ಗಾಮ ಕಾರವಾರಕ್ಕೆ ಎದುರಿನ ಅಂಜದೀವ ದ್ವೀಪದಿಂದ ಅಕ್ಟೋಬರ್ 5ರಂದು ಹೊರಟ. ಈಶಾನ್ಯದ ಗಾಳಿ ಇನ್ನೂ ನೆಲೆಗೊಂಡಿರಲಿಲ್ಲ. ಬರುವಾಗ ನಾಲ್ಕು ವಾರಕ್ಕೂ ಕಡಿಮೆ ಹಿಡಿದ ಅದೇ ಕಡಲು ಹೋಗುವಾಗ ಸುಮಾರು ಮೂರು ತಿಂಗಳು ಹಿಡಿಯಿತು. ಗಾಳಿಯಿಲ್ಲದ ದಿನಗಳು, ಎದುರುಗಾಳಿಯ ದಿನಗಳು, ಅದರ ಮೇಲೆ ವಸಡು ಕೊಳೆಯುವ ಸ್ಕರ್ವಿ ರೋಗ. ಆ ದಾಟುವಿಕೆಯಲ್ಲಿಯೇ ಮೂವತ್ತು ಮಂದಿ ಸತ್ತರೆಂದು, ಒಂದೊಂದು ಹಡಗಿನಲ್ಲಿ ದುಡಿಯಬಲ್ಲವರು ಏಳೆಂಟು ಮಂದಿ ಮಾತ್ರ ಉಳಿದರೆಂದು ಯಾತ್ರೆಯ ದಿನಚರಿ ದಾಖಲಿಸಿದೆ. ಜನ ಸಾಲದೆ 1499ರ ಜನವರಿಯಲ್ಲಿ ‘ಸಾವ್ ರಫಾಯೆಲ್’ ಹಡಗನ್ನು ಅವರೇ ಸುಟ್ಟುಹಾಕಬೇಕಾಯಿತು.

ಒಳನಾಡಿನ ಕನ್ನಡಕ್ಕೆ ಬಂದರೆ ದೃಶ್ಯವೇ ಬದಲಾಗುತ್ತದೆ. ಇಲ್ಲಿ ನೀರೆಂದರೆ ಹೊಳೆ, ದೋಣಿಯೆಂದರೆ ಹರಿಗೋಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಬೆತ್ತ ಹೆಣೆದು ಚರ್ಮ ಹೊದಿಸಿದ ಬುಟ್ಟಿಯಾಕಾರದ ದೋಣಿಗಳನ್ನು ಕಂಡು, ಅವು ನೇರವಾಗಿ ಸಾಗದೆ ಸುತ್ತುತ್ತಲೇ ಹೋಗುವುದನ್ನು ವಿವರಿಸಿದ್ದಾನೆ. ಹರಿಗೋಲಿಗೆ ಹಾಯಿಯಿಲ್ಲ, ಆದ್ದರಿಂದ ಗಾಳಿಯ ಕೋನವೂ ಇಲ್ಲ. ಅಪಾಯವಿರುವುದು ಹತ್ತುವ ಇಳಿಯುವ ಜಾಗದಲ್ಲಿ. ‘ಎರಡು ದೋಣಿಯಲ್ಲಿ ಕಾಲಿಡು’ ಎಂಬ ನುಡಿಗಟ್ಟು ಆ ಕಡವಿನ ಅನುಭವಕ್ಕೆ ಒಪ್ಪುವಂಥದು. ಹಿಂದಿ, ಬಂಗಾಳಿಗಳಲ್ಲಿಯೂ ಇದೇ ಚಿತ್ರವಿರುವುದರಿಂದ ಇದನ್ನು ನದೀತೀರದ ಭಾರತದ ಸಮಾನ ಸಂಪತ್ತೆನ್ನಬಹುದು. ಇಲ್ಲಿ ದೋಷ ಅಂಚಿಗೆ ಹೋದುದಲ್ಲ, ಆಯ್ಕೆ ಮಾಡದೆ ಇದ್ದುದು.

ಗಾಳಿಯ ನುಡಿಗಟ್ಟು ಒಳನಾಡಿನ ಕನ್ನಡದಲ್ಲಿ ಹುಟ್ಟಿದ್ದು ಕಣದಲ್ಲಿ. ‘ಗಾಳಿ ಬಂದಾಗ ತೂರಿಕೋ’ ಎಂಬುದು ಸರ್ವಪರಿಚಿತ ಗಾದೆ. ಒಕ್ಕಿದ ರಾಶಿಯ ಪಕ್ಕದಲ್ಲಿ ಎತ್ತರದ ಮೇಲೆ ನಿಂತು ಮೊರದಿಂದ ಕಾಳನ್ನು ಸುರಿಯುವಾಗ ಗಾಳಿಯಿದ್ದರೆ ಹೊಟ್ಟು ಹಾರಿ ಕಾಳು ಉಳಿಯುತ್ತದೆ. ಗಾಳಿ ನಿಂತರೆ ಕೆಲಸ ನಿಲ್ಲುತ್ತದೆ. ಗಾಳಿ ದಿಕ್ಕು ಬದಲಿಸಿದರೆ ತೂರುವವನೂ ತಿರುಗಿ ನಿಲ್ಲಲೇಬೇಕು, ಇಲ್ಲವಾದರೆ ಹೊಟ್ಟು ಮತ್ತೆ ರಾಶಿಗೇ ಬೀಳುತ್ತದೆ. ಕಣದಲ್ಲಿ ಇದು ವಿವೇಕ. ಆದರೆ ‘ಗಾಳಿ ಬಂದ ಕಡೆ ತೂರಿಕೊಳ್ಳುವವನು’ ಎಂದೊಡನೆ ಪಕ್ಷ ಬದಲಿಸುವ ರಾಜಕಾರಣಿಯೋ ಮಾತು ಬದಲಿಸುವ ನೆಂಟನೋ ಕಣ್ಣಮುಂದೆ ಬರುತ್ತಾನೆ. ಕೆಲಸ ಒಂದೇ, ಗಾಳಿಯೂ ಒಂದೇ. ಕಣದಿಂದ ಕಟ್ಟೆಗೆ ಬಂದಾಗ ಮಾತು ನಿಂದೆಯಾಯಿತು. ಇಂಗ್ಲಿಷ್ ನಾವಿಕನ ನುಡಿಗಟ್ಟು ದಡಕ್ಕೆ ಇಳಿದು ಹೀನಾರ್ಥ ಪಡೆದುದಕ್ಕೂ, ಕನ್ನಡ ರೈತನ ನುಡಿ ಊರೊಳಗೆ ಬಂದು ಹೀನಾರ್ಥ ಪಡೆದುದಕ್ಕೂ ಇರುವ ಸಾಮ್ಯ ಆಕಸ್ಮಿಕವೆನಿಸುವುದಿಲ್ಲ. ಕಸುಬಿನ ಮಾತಿನಲ್ಲಿ ಅಗತ್ಯವು ಅಧ್ಯಾಹಾರವಾಗಿರುತ್ತದೆ. ಕಸುಬಿನ ಹೊರಗಿನವರು ಅದನ್ನು ಕೇಳಿಸಿಕೊಳ್ಳಲಾರರು.

ಭಾಷಾಂತರಕಾರರು ಎದುರಿಸುವ ತೊಡಕೂ ಇಲ್ಲಿಂದಲೇ ಹುಟ್ಟುತ್ತದೆ. ‘ಗಾಳಿಗೆ ಎದುರಾಗಿ ಸಾಗು’ ಎಂದು ಅನುವಾದಿಸಿದರೆ ಅದು ಧೀರೋದಾತ್ತ ಪ್ರತಿಭಟನೆಯಾಗಿ ಕೇಳಿಸುತ್ತದೆ. ಮೂಲದಲ್ಲಿ ಆ ಭಾವವಿಲ್ಲ. ‘ಬೆಂಕಿಯೊಡನೆ ಸರಸ’ ಎಂದರೆ ಹುಡುಗಾಟವಾಗುತ್ತದೆ. ‘ಕತ್ತಿಯಂಚಿನ ನಡಿಗೆ’ಯಲ್ಲಿ ಅಪಾಯವಿದೆ, ಆದರೆ ಪಾಪಪ್ರಜ್ಞೆಯಿಲ್ಲ. ನಿಯಮದ ಸಂದಿನಲ್ಲಿ ನುಸುಳುವ ಧ್ವನಿ ಬೇಕಾದಲ್ಲಿ ‘ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವನು’ ಎಂಬ ಮಾತು ಹೆಚ್ಚು ಹತ್ತಿರವಾದುದು. ಅದರಲ್ಲಿ ಜಾಣತನವೂ ಇದೆ, ಠಕ್ಕೂ ಇದೆ, ಕೇಳುಗನ ಒಳಗಣ ಮೆಚ್ಚುಗೆಯೂ ಇದೆ. ಆದರೆ ಕಡಲ ಕಾದಂಬರಿಯಲ್ಲಿ ತಾಂಡೇಲನು ಹಡಗನ್ನು ದಡದ ಬಂಡೆಯಿಂದ ತಪ್ಪಿಸುತ್ತಿರುವ ಪ್ರಸಂಗಕ್ಕೆ ಚಾಪೆಯೂ ರಂಗೋಲಿಯೂ ಸಲ್ಲವು. ಅಲ್ಲಿ ಹಾಯಿ, ಗಾಳಿ, ಕೋನಗಳನ್ನು ಇದ್ದಂತೆಯೇ ಹೇಳುವುದು ಲೇಸು.

ಅಂಥ ಹೇಳಿಕೆಗೆ ಬೇಕಾದ ಪದಗಳು ಕನ್ನಡ ಕರಾವಳಿಯ ಹಾಯಿಕಸುಬಿನವು. ಪತ್ತೆಮಾರಿ, ಮಚವೆ, ಮಂಜಿಗಳು ಹಾಯಿ ಬಿಚ್ಚಿ ಸರಕು ಹೊತ್ತು ತಿರುಗಿದ ತೀರವಿದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಎಂಜಿನು ಹಾಯಿಯ ಸ್ಥಾನವನ್ನು ಹಿಡಿಯಿತು. ಕಿಟ್ಟೆಲರು 1894ರಲ್ಲಿ ಮಂಗಳೂರಿನಿಂದ ಹೊರತಂದ ಮಹಾನಿಘಂಟಿನಲ್ಲಿ ಗಾದೆಗಳ ದೊಡ್ಡ ರಾಶಿಯೇ ಇದೆ. ಬಂದರಿನ ಪಕ್ಕದಲ್ಲಿಯೇ ಅಚ್ಚಾದ ಆ ಗ್ರಂಥವನ್ನು ಹಾಯಿಕಸುಬಿನ ದೃಷ್ಟಿಯಿಂದ ಮತ್ತೊಮ್ಮೆ ಜಾಲಿಸಿ ನೋಡುವುದು ಮೊದಲ ಕೆಲಸ. ಎರಡನೆಯದು ಕ್ಷೇತ್ರಕಾರ್ಯ. ಗಾಳಿಗೆ ಅತಿಯಾಗಿ ಒತ್ತಿದಾಗ ಹಾಯಿಯಂಚು ನಡುಗುತ್ತದಷ್ಟೆ, ಆ ನಡುಕಕ್ಕೆ ಕಾರವಾರ, ಭಟ್ಕಳ, ಮಲ್ಪೆ, ಮಂಗಳೂರುಗಳ ಹಳೆಯ ತಾಂಡೇಲರು ಏನೆನ್ನುತ್ತಿದ್ದರು, ಚುಕ್ಕಾಣಿಯವನಿಗೆ ಆಗ ಯಾವ ಮಾತಿನಲ್ಲಿ ಕೂಗಿ ಹೇಳುತ್ತಿದ್ದರು ಎಂಬುದನ್ನು ಎಂಜಿನಿಲ್ಲದ ದೋಣಿಯಲ್ಲಿ ದುಡಿದ ಹಿರಿಯರು ಇರುವಾಗಲೇ ಕೊಂಕಣಿ, ತುಳು, ಕನ್ನಡ, ಬ್ಯಾರಿ ನುಡಿಗಳಲ್ಲಿ ಬೇರೆ ಬೇರೆಯಾಗಿ ಕೇಳಿ ಬರೆದಿಟ್ಟುಕೊಳ್ಳಬೇಕು.